ನೀರಿನ ಗಿಡಗಳ ಹಿಂದೆ ಹೊರಟ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದು ಹದಿನೈದು ದಿನಗಳಾದವು. ಫೋನಿನಲ್ಲಿ ಎರಡು ಮಾತು ಆಡಿ ಮುಗಿಸಬಹುದಿತ್ತು. ಆದರೆ ನೀನು ಕೇಳಿದ್ದು ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಯಲ್ಲವಾದ್ದರಿಂದ, ಮಳೆ ಬಿಟ್ಟು ಕೈ ಬಿಡುವಾಗಲಿ ಎಂದು ಕಾದು ಈಗ ಬರೆಯಲು ಕುಳಿತಿದ್ದೇನೆ. ಪಿಎಚ್.ಡಿ.ಗೆ ಸೀಟು ಸಿಕ್ಕಿದೆ, ಫೆಲೋಶಿಪ್ ಇದೆ, ಗೈಡ್ ಒಳ್ಳೆಯವರು, ಆದರೆ ಜಲಸಸ್ಯಗಳ ಮೇಲೆಯೇ ಕೆಲಸ ಮಾಡುತ್ತೇನೆ ಎಂದ ಕೂಡಲೇ ಮನೆಯಲ್ಲಿ ನಿಮ್ಮಪ್ಪ, ವಿಭಾಗದಲ್ಲಿ ನಿನ್ನ ಸಹಪಾಠಿಗಳು, ಎಲ್ಲರ ಬಾಯಲ್ಲೂ ಒಂದೇ ಮಾತು: "ಕೆರೆಯ ಕಳೆ ಓದಿ ಏನು ಮಾಡುತ್ತೀಯೆ?" ಈ ಮಾತಿಗೆ ನನ್ನ ಉತ್ತರವೇನು ಎಂದು ಕೇಳಿದ್ದೀಯೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಸಂಶೋಧಕಿಯಲ್ಲ. ಮೂವತ್ತೊಂದು ವರ್ಷ ಬಿ.ಎಸ್ಸಿ. ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವಳು, ಅಷ್ಟೇ. ಆದರೆ ಆ ಮೂವತ್ತೊಂದು ವರ್ಷವೂ ಪ್ರತಿ ಆಗಸ್ಟ್‌ನಲ್ಲಿ ಹೈಡ್ರಿಲ್ಲಾ ಎಂಬ ಮುಳುಗುಗಿಡದ ಕಾಂಡದಿಂದ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳುವಾದ ಬಿಲ್ಲೆ, ತೆಗೆಸಿದ್ದೇನೆ, ನೈದಿಲೆಯ ತೊಟ್ಟನ್ನು ಕೊಯ್ಯಿಸಿದ್ದೇನೆ; ಹುಡುಗರು ಹೋದ ಮೇಲೆ ಉಳಿದ ಗಿಡಗಳನ್ನು ಬಕೆಟ್ಟಿನಲ್ಲಿ ಮನೆಗೆ ತಂದು ಹಿತ್ತಿಲ ಕಲ್ಲುತೊಟ್ಟಿಯಲ್ಲಿ ಸಾಕಿದ್ದೇನೆ. ನಿನಗೆ ಈ ಹುಚ್ಚು ಹತ್ತಿದ್ದು ಆ ತೊಟ್ಟಿಯಿಂದಲೇ ಎಂದು ನಿಮ್ಮಮ್ಮ ಆಗಾಗ ನನ್ನನ್ನು ದೂರುತ್ತಿರುತ್ತಾಳೆ. ಆದ್ದರಿಂದ ಈ ವಿಷಯದಲ್ಲಿ ನನ್ನದು ನಿಷ್ಪಕ್ಷಪಾತವಾದ ಅಭಿಪ್ರಾಯವೆಂದು ತಿಳಿಯಬೇಡ.

ಜಲಸಸ್ಯಗಳನ್ನೇ ಬಾಳಿನ ಕೆಲಸವಾಗಿಸಿಕೊಂಡವರ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀಯಲ್ಲ, ಅದಕ್ಕೆ ನನಗೆ ತಟ್ಟನೆ ನೆನಪಾಗುವುದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಆಗ್ನೆಸ್ ಆರ್ಬರ್. ಆಕೆ ಹುಟ್ಟಿದ್ದು 1879ರಲ್ಲಿ, ಲಂಡನ್ನಿನಲ್ಲಿ. ತಂದೆ ಚಿತ್ರಕಾರರು, ಮಗಳಿಗೆ ಚಿಕ್ಕಂದಿನಲ್ಲಿಯೇ ಕ್ರಮವಾಗಿ ಚಿತ್ರ ಬರೆಯುವುದನ್ನು ಕಲಿಸಿದರು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಇದರ ಮಾತು ಬರುತ್ತದೆ. ಶಾಲೆಯ ವಿಜ್ಞಾನ ಸಂಘಕ್ಕೆ ಉಪನ್ಯಾಸ ಕೊಡಲು ಬಂದ ಎಥೆಲ್ ಸಾರ್ಜೆಂಟ್ ಎಂಬ ಸಸ್ಯವಿಜ್ಞಾನಿಯ ಪರಿಚಯ ಆ ಹುಡುಗಿಯ ದಾರಿಯನ್ನೇ ನಿರ್ಧರಿಸಿತು. ಸಾರ್ಜೆಂಟ್ ಯಾವ ವಿಶ್ವವಿದ್ಯಾಲಯದ ಉದ್ಯೋಗಿಯೂ ಆಗಿರಲಿಲ್ಲ; ತಾಯಿಯ ಮನೆಯ ತೋಟದಲ್ಲಿ ಒಂದು ಪುಟ್ಟ ಪ್ರಯೋಗಾಲಯ ಕಟ್ಟಿಕೊಂಡು, ಅದಕ್ಕೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ದೊಡ್ಡ ಜಾಡ್ರೆಲ್ ಪ್ರಯೋಗಾಲಯದ ಹೆಸರನ್ನೇ ತಮಾಷೆಗೆ ಕೊಂಚ ಬದಲಿಸಿ 'ಜಾಡ್ರೆಲ್ ಜೂನಿಯರ್' ಎಂದು ಕರೆದು, ಅಲ್ಲಿ ಕೆಲಸ ಮಾಡುತ್ತಿದ್ದರು. ಲಂಡನ್ ಮತ್ತು ಕೇಂಬ್ರಿಜ್‌ಗಳ ಓದು ಮುಗಿಸಿದ ಆಗ್ನೆಸ್ 1902ರಿಂದ ಒಂದು ವರ್ಷ ಅಲ್ಲಿ ಸಹಾಯಕಿಯಾಗಿ ಇದ್ದು, ಸೆಕ್ಷನ್ ತೆಗೆಯುವ ಕೈಚಳಕವನ್ನು ಪಕ್ಕಾ ಮಾಡಿಕೊಂಡರು.

1909ರಲ್ಲಿ ಸಸ್ಯಪಳೆಯುಳಿಕೆಗಳ ತಜ್ಞ ನ್ಯೂಯೆಲ್ ಆರ್ಬರ್ ಅವರನ್ನು ಮದುವೆಯಾಗಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ನ್ಯೂನ್‌ಹ್ಯಾಮ್ ಕಾಲೇಜಿನ ಬಾಲ್ಫರ್ ಪ್ರಯೋಗಾಲಯದಲ್ಲಿ ಅವರಿಗೆ ಜಾಗ ಸಿಕ್ಕಿತು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯಗಳ ಬಾಗಿಲು ಸರಿಯಾಗಿ ತೆರೆಯದಿದ್ದ ಕಾಲದಲ್ಲಿ, 1884ರಲ್ಲಿ, ಅವರಿಗಾಗಿಯೇ ಮಾಡಿದ ಜಾಗವದು. ಅಲ್ಲಿ ಕುಳಿತು ವರ್ಷಗಟ್ಟಲೆ ಅವರು ನೀರಿನಲ್ಲಿ ಬೆಳೆಯುವ ಹೂಬಿಡುವ ಸಸ್ಯಗಳನ್ನು ಕೊಯ್ದು, ನೋಡಿ, ಬರೆದರು. 1918ರ ಜನವರಿಯಲ್ಲಿ ಸಾರ್ಜೆಂಟ್ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಗಂಡನೂ ಹೋದರು. ಮಗಳು ಆಗಿನ್ನೂ ಪುಟ್ಟ ಹುಡುಗಿ. ಎರಡು ವರ್ಷದ ನಂತರ, 1920ರಲ್ಲಿ, ಜಲಸಸ್ಯಗಳ ಮೇಲಿನ ಅವರ ಪುಸ್ತಕ ಹೊರಬಂದಿತು. ನೂರು ವರ್ಷ ದಾಟಿದ ಮೇಲೆ ಇಂದಿಗೂ ಅದನ್ನು ತೆರೆದರೆ, ಚಿತ್ರಗಳಲ್ಲಿ ಒಂದು ಗೆರೆಯೂ ಅನಾವಶ್ಯಕವಾಗಿ ಬಿದ್ದಿಲ್ಲವೆಂದು ಅನ್ನಿಸುತ್ತದೆ. ತಂದೆ ಕಲಿಸಿದ ವಿದ್ಯೆ ಎಲ್ಲಿ ಫಲ ಕೊಟ್ಟಿತು ನೋಡು.

ಮುಂದಿನದು ನಿನಗೆ ಬೇಕಾದ ಭಾಗ. 1921ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಸ್ಯಶಾಸ್ತ್ರ ವಿಭಾಗದ ಅಧ್ಯಕ್ಷತೆಗೆ ಅವರ ಹೆಸರು ಬಂದಾಗ ಕೆಲವರು ವಿರೋಧಿಸಿದರು. ಆಕೆ ಜಗಳಕ್ಕೆ ನಿಲ್ಲದೆ ಹಿಂದೆ ಸರಿದರು. 1927ರಲ್ಲಿ ಬಾಲ್ಫರ್ ಪ್ರಯೋಗಾಲಯವೇ ಮುಚ್ಚಿತು. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಒಂದು ಮೇಜು ಕೇಳಿದರೆ, ಜಾಗವಿಲ್ಲ ಎಂಬ ಉತ್ತರ ಬಂತು. ಮೂರು ದೊಡ್ಡ ಪುಸ್ತಕಗಳನ್ನು ಆಗಲೇ ಬರೆದಿದ್ದವರಿಗೆ ಒಂದು ಮೇಜಿಲ್ಲ! ಆಗ ಅವರು ಮನೆಯ ಹಿಂಬದಿಯ ಒಂದು ಚಿಕ್ಕ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಎಥೆಲ್ ಸಾರ್ಜೆಂಟ್ ಮಾಡಿದ್ದನ್ನೇ ಮಾಡಿದರು. ಹುಲ್ಲು, ಬಿದಿರು, ಧಾನ್ಯಗಳ ಮೇಲಿನ ಅವರ ಪುಸ್ತಕ 1934ರಲ್ಲಿ ಬಂದದ್ದು ಆ ಕೋಣೆಯಿಂದ. 1946ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆ ಸಂಸ್ಥೆ ಫೆಲೋ ಆಗಿ ಆರಿಸಿದ ಹೆಂಗಸರಲ್ಲಿ ಮೂರನೆಯವರು, ಮಹಿಳಾ ಸಸ್ಯವಿಜ್ಞಾನಿಗಳಲ್ಲಿ ಮೊದಲನೆಯವರು. 1948ರಲ್ಲಿ ಲಿನಿಯನ್ ಸೊಸೈಟಿಯ ಚಿನ್ನದ ಪದಕ ಬಂತು. ಅದೂ ಹೆಣ್ಣೊಬ್ಬಳಿಗೆ ಮೊದಲ ಸಲ.

ಈ ಕಥೆಯನ್ನು ಹೇಳಿ, "ನೋಡು, ಕಷ್ಟಪಟ್ಟರೆ ಎಲ್ಲವೂ ಆಗುತ್ತದೆ" ಎಂದು ಉಪದೇಶಿಸುವವರು ಬಹಳ ಜನ ಸಿಗುತ್ತಾರೆ. ನಾನು ಹಾಗೆ ಹೇಳುವವಳಲ್ಲ. ಆಕೆಗೆ ಸ್ವಂತ ಮನೆಯಿತ್ತು, ಊರಿನಲ್ಲಿ ಒಳ್ಳೆಯ ಪುಸ್ತಕಭಂಡಾರವಿತ್ತು, ಬೇಕಾದದ್ದು ಒಂದು ಸೂಕ್ಷ್ಮದರ್ಶಕ ಮತ್ತು ಬ್ಲೇಡು. ನಿನ್ನ ಕಾಲದ ಕೆಲಸಕ್ಕೆ ಡಿಎನ್‌ಎ ತೆಗೆಯುವ ಯಂತ್ರ ಬೇಕು, ರಾಸಾಯನಿಕ ಬೇಕು, ಫ್ರೀಜರ್ ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ಹೆಣ್ಣುಮಗಳೊಬ್ಬಳು ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಮಾಡಿದಳು ಎಂದು ಯಾರಾದರೂ ನಿನ್ನ ಮೇಜನ್ನು ಕಿತ್ತುಕೊಳ್ಳಲು ಬಂದರೆ ಬಿಡಬೇಡ. ಲಿಖಿತವಾಗಿ ಕೇಳು, ಉತ್ತರವನ್ನೂ ಲಿಖಿತವಾಗಿ ತೆಗೆದುಕೋ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಸ್ಟಾಕ್ ಪರಿಶೀಲನೆಗೆ ಬಂದವರು ಕೇಳಿದರೆ ಹೊಸದಾಗಿಯೇ ಕಾಣಬೇಕೆಂದು, ಇದ್ದ ಒಂದೇ ಒಳ್ಳೆಯ ಸೂಕ್ಷ್ಮದರ್ಶಕವನ್ನು ನಾಲ್ಕು ವರ್ಷ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಹೊರಗೆ ತೆಗೆದಾಗ ಲೆನ್ಸಿನ ಮೇಲೆ ಬೂಷ್ಟು ಹಿಡಿದಿತ್ತು. ನಾನು ಅಂದು ಬಾಯಿಮಾತಿನಲ್ಲಿ ಕೇಳಿದ್ದೆನೇ ಹೊರತು ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಅದು ನನ್ನ ತಪ್ಪು.

ಹಾಗಾದರೆ ಆರ್ಬರ್ ಅವರಿಂದ ಕಲಿಯಬೇಕಾದದ್ದೇನು? ಕೈಯಲ್ಲಿ ಗಿಡ ಹಿಡಿದುಕೊಳ್ಳದೆ ಅವರು ಒಂದು ಮಾತನ್ನೂ ಬರೆಯಲಿಲ್ಲ. ನಾನು ನಿನಗೆ ಹೇಳಬೇಕೆಂದಿರುವುದೂ ಇದನ್ನೇ: ನಿನ್ನ ವಿಷಯ ಏನೇ ಆಗಲಿ, ಗೈಡ್ ಹೇಳಿದಂತೆ ಡಿಎನ್‌ಎ, ಜೀನುಗಳ ಅಣುಮಟ್ಟದ್ದೇ ಆಗಲಿ, ಒಂದು ಕೆರೆಯನ್ನೋ ಒಂದು ಹೊಳೆಯನ್ನೋ ಆರಿಸಿಕೊಂಡು ಅದರ ಗಿಡಗಳನ್ನು ಒಂದು ವರ್ಷ, ಹನ್ನೆರಡು ತಿಂಗಳೂ, ನಿನ್ನ ಕಣ್ಣಿನಿಂದ ನೋಡು. ಶೀರ್ಷಿಕೆಯನ್ನು ಅದಾದ ಮೇಲೆ ಗಟ್ಟಿ ಮಾಡು.

ಏಕೆಂದರೆ ನೀರಿನ ಗಿಡದಷ್ಟು ನಮ್ಮನ್ನು ಮೋಸಗೊಳಿಸುವುದು ಬೇರೊಂದಿಲ್ಲ. ಇವು ನೆಲದ ಮೇಲೆ ಬಾಳಿದ ವಂಶದವು, ಆಮೇಲೆ ನೀರಿಗೆ ಇಳಿದವು. ಹೈಡ್ರಿಲ್ಲಾ ಕಾಂಡವನ್ನು ಕೊಯ್ದು ಸಾಫ್ರನಿನ್ ಬಣ್ಣ ಹಾಕಿದಾಗ ನೀನು "ದೊಡ್ಡಮ್ಮಾ, ಬಣ್ಣ ಹಿಡಿಯುವುದೇ ಇಲ್ಲ" ಎಂದು ಮುಖ ಸಣ್ಣ ಮಾಡಿಕೊಂಡದ್ದು ನೆನಪಿದೆಯೇ? ಸಾಫ್ರನಿನ್ ಕೆಂಪಾಗಿ ಹಿಡಿಯುವುದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ಗೆ; ನೀರೇ ಹೊತ್ತು ನಿಲ್ಲಿಸುವ ಗಿಡಕ್ಕೆ ಗಟ್ಟಿ ಮರದಂಥ ಅಂಗಾಂಶ ಏಕೆ ಬೇಕು? ನೀರು ಸಾಗಿಸುವ ಕೊಳವೆಗಳಿರಬೇಕಾದ ನಟ್ಟನಡುವೆ ಒಂದು ಬರಿಯ ತೂತು ಕಾಣುತ್ತದೆ. ಮಾರಿಹೋದ ಗದ್ದೆಯ ಹಳೆಯ ಪಹಣಿಯಲ್ಲಿ ತಾತನ ಹೆಸರು ಉಳಿದಿರುವಂತೆ, ನೆಲದ ಮೇಲಿದ್ದ ಕಾಲದ ಗುರುತು ಅಷ್ಟು ಮಾತ್ರ ಅಲ್ಲಿ ಉಳಿದಿದೆ. ಅದನ್ನು ಸುತ್ತುವರಿದು ಗಾಳಿಯ ಕೋಣೆಗಳು. ನೈದಿಲೆಯ ತೊಟ್ಟಿನಲ್ಲಾದರೆ ಆ ಗಾಳಿಕೊಳವೆಗಳೊಳಗೆ ನಕ್ಷತ್ರದಂತೆ ಕೈಚಾಚಿದ ಗಟ್ಟಿಕೋಶಗಳು ಮಿನುಗುತ್ತವೆ. ಮೂವತ್ತೊಂದು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಅದೇ ನೈದಿಲೆಯ ಎಲೆ ತೇಲುವುದರಿಂದ ಅದು ಉಸಿರಾಡುವ ಸಣ್ಣ ಪತ್ರರಂಧ್ರಗಳೆಲ್ಲ ಮೇಲುಮುಖದಲ್ಲಿರುತ್ತವೆ. ಒಳಗೇ ಮುಳುಗಿ ಬಾಳುವ ಹೈಡ್ರಿಲ್ಲಾಗೆ ಅವುಗಳ ಹಂಗೇ ಇಲ್ಲ.

ವ್ಯಾಲಿಸ್ನೇರಿಯಾ ಹೂಬಿಡುವುದನ್ನು ತೊಟ್ಟಿಯಲ್ಲಿ ನೀನೇ ನೋಡಿದ್ದೀಯೆ. ಗಂಡು ಹೂಗಳು ಬುಡದಲ್ಲಿಯೇ ಕಳಚಿಕೊಂಡು ನೀರ ಮೇಲಕ್ಕೆ ಬಂದು, ಸಾಸಿವೆಗಿಂತ ಸಣ್ಣ ದೋಣಿಗಳಂತೆ ಗಾಳಿ ತಳ್ಳಿದತ್ತ ತೇಲುತ್ತವೆ; ಹೆಣ್ಣು ಹೂವು ಉದ್ದನೆಯ ದಾರದಂಥ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಕಾದಿರುತ್ತದೆ. ಅದರ ಸುತ್ತ ನೀರಿನ ಮೈ ಸ್ವಲ್ಪ ತಗ್ಗಿರುವುದರಿಂದ ಹತ್ತಿರ ಬಂದ ಗಂಡು ಹೂಗಳು ಆ ಗುಳಿಗೆ ಜಾರಿ ಅದಕ್ಕೆ ತಾಕುತ್ತವೆ. ಆಮೇಲೆ ಆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಈ ಒಂದು ದೃಶ್ಯವನ್ನು ಪುಸ್ತಕದಲ್ಲಿ ಓದಿದವರು ಸಾವಿರ, ನೋಡಿದವರು ಎಷ್ಟು ಜನ?

ಇನ್ನು ಹೆಸರಿನ ವಿಚಾರ. ಇಲ್ಲಿ ನನ್ನದೊಂದು ಪೆಚ್ಚಾದ ಕಥೆಯಿದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಒಂದು ಕೆರೆಯಿಂದ ಗರಿಗರಿಯಾಗಿ ಸೀಳಿದ ಎಲೆಗಳ ಮುಳುಗು ಗಿಡವೊಂದನ್ನು ತಂದು ಕಬೊಂಬಾ ಎಂದು ಚೀಟಿ ಬರೆದು ಕಾಲೇಜಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಟ್ಟೆ. ಮಕ್ಕಳಿಗೂ ಹಾಗೆಯೇ ಹೇಳಿದೆ. ಮಾರ್ಚ್‌ನಲ್ಲಿ ಕೆರೆಯ ನೀರು ಇಳಿದಾಗ ಅದೇ ಜಾಗದಲ್ಲಿ ಅದೇ ಬುಡದಿಂದ ಮೇಲೆ ಬಂದ ಕವಲಿನಲ್ಲಿ, ಸೀಳಿಲ್ಲದ, ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದ ಎಲೆಗಳು, ಪುಟ್ಟ ಹೂಗಳು! ಅದು ಲಿಮ್ನೋಫಿಲಾ, ನೀರೊಳಗೆ ಒಂದು ಬಗೆಯ ಎಲೆ, ನೀರ ಹೊರಗೆ ಇನ್ನೊಂದು ಬಗೆಯ ಎಲೆ ಬಿಡುವ ಜಾತಿ. ಎಲೆ ಗೆಣ್ಣಿಗೆ ಎದುರುಬದುರು ಎರಡಿವೆಯೋ, ಸುತ್ತುಗಟ್ಟಿ ಹಲವಿವೆಯೋ ಎಂದು ಎಣಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಎಲೆಯನ್ನು ಹೊಸಕಿ ಮೂಸಿದ್ದರೂ ಗೊತ್ತಾಗುತ್ತಿತ್ತು. ಎರಡು ಬ್ಯಾಚಿನ ಮಕ್ಕಳು ನನ್ನ ತಪ್ಪನ್ನು ಹೊತ್ತುಕೊಂಡು ಹೋದರು.

ನನ್ನ ತಪ್ಪಿನಿಂದ ಕೆಟ್ಟದ್ದು ಒಂದು ಹಾಳೆ. ಆದರೆ ಹೆಸರು ತಪ್ಪಿದ್ದರಿಂದ ದೇಶದೇಶಗಳೇ ಕಾಲ ಕಳೆದುಕೊಂಡದ್ದಿದೆ. ಸಾಲ್ವೀನಿಯಾ ಗೊತ್ತಲ್ಲ, ಕೇರಳದವರು ಆಫ್ರಿಕನ್ ಪಾಯಲ್ ಎನ್ನುವ ತೇಲುವ ಜರಿಗಿಡ. 1950ರ ದಶಕದ ಕೊನೆಗೆ ಆಫ್ರಿಕದ ಕರೀಬಾ ಅಣೆಕಟ್ಟಿನ ಹೊಸ ಹಿನ್ನೀರನ್ನು ಅದು ಮುಚ್ಚತೊಡಗಿದಾಗ, ದಕ್ಷಿಣ ಅಮೆರಿಕದ ಸಾಲ್ವೀನಿಯಾ ಆರಿಕ್ಯುಲೇಟಾ ಎಂದು ಗುರುತಿಸಿದರು. ಸರಿ, ಆ ಗಿಡವನ್ನು ತಿನ್ನುವ ಹುಳುಗಳನ್ನು ಅದರ ತವರಿನಿಂದ ತಂದು ಬಿಟ್ಟರು. ಕಳೆ ಬಗ್ಗಲಿಲ್ಲ. 1972ರಲ್ಲಿ ಡೇವಿಡ್ ಮಿಚೆಲ್ ಎಂಬ ಸಸ್ಯವಿಜ್ಞಾನಿ, ಇದು ಬೇರೆಯೇ ಜಾತಿ ಎಂದು ಸಾಲ್ವೀನಿಯಾ ಮೊಲೆಸ್ಟಾ ಎಂಬ ಹೆಸರಿಟ್ಟರು. ಅದರ ನಿಜವಾದ ತವರು ಆಗ್ನೇಯ ಬ್ರೆಜಿಲ್ ಎಂದು ಪತ್ತೆಯಾದದ್ದು 1978ರಲ್ಲಿ. ಅಲ್ಲಿ ಆ ಗಿಡದ ಮೇಲೆ ಎರಡು ಮಿಲಿಮೀಟರಿನ ಒಂದು ಕಪ್ಪು ಮೂತಿಹುಳು ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರ ಸರೋವರದಲ್ಲಿ ಅದನ್ನು ಬಿಟ್ಟರು. ಮರುವರ್ಷದ ಹೊತ್ತಿಗೆ ಕಳೆ ಹೇಳಹೆಸರಿಲ್ಲದಂತಾಯಿತು. ತಮಾಷೆಯೆಂದರೆ ಆ ಹುಳುವಿನ ಹೆಸರೂ ಮೊದಲು ತಪ್ಪಾಗಿತ್ತು; ಹಿಂದೆ ಬಿಟ್ಟು ಸೋತಿದ್ದ ಜಾತಿಯೇ ಎಂದುಕೊಂಡಿದ್ದರು, 1985ರಲ್ಲಿ ಅದಕ್ಕೆ ಬೇರೆ ಹೆಸರಾಯಿತು. ನಮ್ಮ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದ ಮೊದಲರ್ಧದಲ್ಲಿ ಆ ಹುಳುವನ್ನು ತರಿಸಿ ಒಂದು ನೈದಿಲೆಕೊಳದಲ್ಲಿ ಬಿಟ್ಟು ಕೊಳವನ್ನು ಬಿಡಿಸಿದರು. ಕೇರಳದ ಗದ್ದೆಕಾಲುವೆಗಳಿಗೂ ಆಮೇಲೆ ಅದರಿಂದ ಉಸಿರು ಬಂತು. ಕೆರೆಯ ಕಳೆ ಓದಿ ಏನು ಮಾಡುತ್ತೀಯೆ ಎಂದು ಕೇಳಿದ ನಿಮ್ಮಪ್ಪನಿಗೆ ಈ ಕಥೆಯನ್ನು ಹೇಳು. ಎರಡು ಜರಿಗಿಡಗಳ ನಡುವಿನ ವ್ಯತ್ಯಾಸವನ್ನು ಕಂಡ ಒಂದು ಕಣ್ಣಿನ ಬೆಲೆ ಎಷ್ಟೆಂದು ಅವನಂಥ ಲೆಕ್ಕಪತ್ರದವನಿಗೆ ಬೇಗ ತಿಳಿಯುತ್ತದೆ.

ಊರಿನ ಹೆಸರುಗಳನ್ನು ಕೇಳಿ ಬರೆದುಕೋ, ಆದರೆ ಅವುಗಳ ಮೇಲೆಯೇ ನಿಲ್ಲಬೇಡ. ಅಂತರಗಂಗೆ ಎಂದರೆ ಪುಸ್ತಕದಲ್ಲಿ ಪಿಸ್ಟಿಯಾ. ಕೆರೆಯ ಏರಿಯ ಮೇಲೆ ನಿಂತವರನ್ನು ಕೇಳಿದರೆ ನೇರಳೆ ಹೂವಿನ ಆ ವಾಟರ್ ಹಯಸಿಂತ್ ಕಳೆಯೂ ಅಂತರಗಂಗೆಯೇ, ತೇಲುವುದೆಲ್ಲ ಅಂತರಗಂಗೆಯೇ. ಲ್ಯಾಟಿನ್ ಹೆಸರೂ ಸ್ಥಿರವೇನಲ್ಲ. ಆ ನೇರಳೆ ಹೂವಿನ ಕಳೆಯನ್ನೇ ನಾನು ಜನ್ಮವಿಡೀ ಐಕಾರ್ನಿಯಾ ಎಂದು ಕಲಿಸಿದ್ದೆ, ಅದನ್ನು 2018ರಿಂದ ಪಾಂಟೆಡೇರಿಯಾ ಎನ್ನಬೇಕಂತೆ. ಮುದುಕಿಯ ನಾಲಿಗೆ ಹೊರಳುವುದಿಲ್ಲ, ನೀನು ಹೊರಳಿಸಿಕೋ. ಭಾರತದ ಜಲಸಸ್ಯಗಳಿಗೆ ಕೆ. ಸುಬ್ರಹ್ಮಣ್ಯಂ ಅವರ 1962ರ ಪುಸ್ತಕ, ಜ್ಯೂರಿಕ್‌ನಲ್ಲಿದ್ದ ಸಿ. ಡಿ. ಕೆ. ಕುಕ್ ಅವರ 1996ರ ಪುಸ್ತಕ, ಇವೆರಡೂ ನಿನ್ನ ಮೇಜಿನ ಮೇಲಿರಲಿ. ಅನುಮಾನ ಬಂದಾಗ ಮಾತ್ರ ಪುಸ್ತಕವನ್ನು ಬಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ ಹೋಗಿ ಹಾಳೆಯನ್ನು ಹಾಳೆಯ ಪಕ್ಕದಲ್ಲಿಟ್ಟು ನೋಡು.

ಹಾಳೆಯ ಮಾತು ಬಂತೆಂದು ಹೇಳುತ್ತೇನೆ, ನೀರಿನ ಗಿಡವನ್ನು ಒಣಗಿಸುವುದು ಬೇರೆಯೇ ಕಸುಬು. ಮೇಲೆತ್ತಿದ ಕೂಡಲೇ ಅದು ಒದ್ದೆ ಕೂದಲಿನಂತೆ ಮುದ್ದೆಯಾಗುತ್ತದೆ. ಹಾಗೆಯೇ ಕಾಗದದ ಮೇಲಿಟ್ಟರೆ ಮುದ್ದೆಯೇ ಒಣಗುತ್ತದೆ. ಅಗಲವಾದ ಬಿಳಿಯ ತಟ್ಟೆಯಲ್ಲಿ ಎರಡು ಬೆರಳಷ್ಟು ನೀರು ಹಾಕಿ ಗಿಡವನ್ನು ತೇಲಿಬಿಡು. ದಪ್ಪನೆಯ ಡ್ರಾಯಿಂಗ್ ಹಾಳೆಯನ್ನು ಅದರ ಕೆಳಗೆ ಮೆಲ್ಲನೆ ತೂರಿಸು. ಎಲೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ; ಬಿಚ್ಚಿಕೊಳ್ಳದವನ್ನು ಬಣ್ಣದ ಕುಂಚದಿಂದ ಸರಿಮಾಡು. ಆಮೇಲೆ ಹಾಳೆಯನ್ನು ಒಂದು ಬದಿಯಿಂದ, ಉಸಿರು ಬಿಗಿಹಿಡಿದು, ಓರೆಯಾಗಿ ಎತ್ತು. ನೀರು ಇಳಿದುಹೋಗಿ ಗಿಡ ನೀರಿನಲ್ಲಿದ್ದ ಭಂಗಿಯಲ್ಲಿಯೇ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಮೇಲೆ ಒಂದು ತೆಳುವಾದ ಹಳೆಯ ಪಂಚೆಯ ಬಟ್ಟೆ ಹಾಸಿ, ಅದರ ಮೇಲೆ ಬ್ಲಾಟಿಂಗ್ ಪೇಪರ್ ಇಡು. ಬಟ್ಟೆಯಿಲ್ಲದಿದ್ದರೆ ಗಿಡ ಬ್ಲಾಟಿಂಗ್‌ಗೇ ಅಂಟಿ ಬರುತ್ತದೆ. ಮೊದಲ ಮೂರು ದಿನ ದಿನಕ್ಕೆರಡು ಸಲ ಪೇಪರ್ ಬದಲಿಸು. ಹೂವನ್ನು ಬೇರೆಯಾಗಿ ಎಪ್ಪತ್ತು ಶೇಕಡಾ ಆಲ್ಕೋಹಾಲಿನಲ್ಲಿ ಇಡು. ಹೂವಿನ ಬಣ್ಣ, ನೀರಿನ ಆಳ, ನೀರು ನಿಂತಿತ್ತೋ ಹರಿಯುತ್ತಿತ್ತೋ, ತಳ ಕೆಸರೋ ಮರಳೋ ಬಂಡೆಯೋ, ಇವನ್ನೆಲ್ಲ ದಡದಲ್ಲಿಯೇ ಪೆನ್ಸಿಲ್ಲಿನಿಂದ ಬರೆ. ಪೆನ್ನಿನಲ್ಲಿ ಬರೆದದ್ದು ಒಂದು ಹನಿ ಬಿದ್ದರೆ ಅಳಿಸಿಹೋಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆ, ಬೇಡವೆನ್ನುವುದಿಲ್ಲ. ಆದರೆ ಚಿತ್ರವನ್ನೂ ಬರೆ. ಫೋಟೋ ತೆಗೆಯುವಾಗ ಎಲೆಯನ್ನು ಎಣಿಸಬೇಕಾಗಿಲ್ಲ, ಚಿತ್ರ ಬರೆಯುವಾಗ ಎಣಿಸಲೇಬೇಕು.

ಒಂದು ವರ್ಷ ನೋಡು ಎಂದೆನಲ್ಲ, ಅದಕ್ಕೆ ನಮ್ಮ ಮಲೆನಾಡಿನ ಹೊಳೆಗಳಿಗಿಂತ ಒಳ್ಳೆಯ ಗುರು ಇಲ್ಲ. ಪೊಡೊಸ್ಟೆಮೇಸಿ ಕುಟುಂಬದ ಗಿಡಗಳು ರಭಸದ ನೀರಿನ ಬಂಡೆಗಳ ಮೇಲೆಯೇ ಬಾಳುವಂಥವು. ನೋಡಿದರೆ ಪಾಚಿಯೆಂದೋ ಹಾವಸೆಯೆಂದೋ ಅಂದುಕೊಳ್ಳಬೇಕು, ಬೇರೇ ಚಪ್ಪಟೆಯಾಗಿ ಹಸಿರಾಗಿ ಬಂಡೆಗೆ ಅಂಟಿ ಎಲೆಯ ಕೆಲಸ ಮಾಡುತ್ತದೆ. ಆದರೆ ಅವು ಹೂಬಿಡುವ ಗಿಡಗಳು. ಮಳೆಗಾಲವೆಲ್ಲ ಮುಳುಗಿದ್ದು, ಮಳೆ ನಿಂತು ಹೊಳೆ ಇಳಿದು ಬಂಡೆಯ ನೆತ್ತಿ ಗಾಳಿಗೆ ಒಡ್ಡಿಕೊಂಡ ಕೆಲವೇ ದಿನಗಳಲ್ಲಿ ಹೂ ಬಿಟ್ಟು, ಕಾಯಿ ಕಟ್ಟಿ, ಸತ್ತು ಒಣಗುತ್ತವೆ. ಬೀಜದಲ್ಲಿ ಭ್ರೂಣಾಹಾರವೇ, ಅಂದರೆ ಎಳೆಯ ಭ್ರೂಣಕ್ಕೆ ಕೂಡಿಟ್ಟ ಆಹಾರವೇ, ಇಲ್ಲ. ಹೂಬಿಡುವ ಗಿಡಗಳಲ್ಲಿ ದ್ವಿನಿಷೇಚನ, ಅಂದರೆ ಒಂದು ನಿಷೇಚನದಿಂದ ಭ್ರೂಣ, ಇನ್ನೊಂದರಿಂದ ಭ್ರೂಣಾಹಾರ, ಎಂದು ನಾವು ತರಗತಿಯಲ್ಲಿ ಗಟ್ಟಿಯಾಗಿ ಹೇಳುವ ನಿಯಮವನ್ನು ಇವು ಸದ್ದಿಲ್ಲದೆ ಮುರಿದಿವೆ. ಮುಂದಿನ ಮಳೆಗೆ ಒದ್ದೆಯಾದ ಬೀಜ ಲೋಳೆ ಬಿಟ್ಟು ಬಂಡೆಗೆ ಅಂಟಬೇಕು, ಅಂಟದ್ದು ಕೊಚ್ಚಿಹೋಯಿತು. 1902ರಲ್ಲಿಯೇ ಜೆ. ಸಿ. ವಿಲ್ಲಿಸ್ ಸಿಲೋನ್ ಮತ್ತು ಭಾರತದ ಈ ಗಿಡಗಳ ಮೇಲೆ ದೊಡ್ಡ ಕೆಲಸ ಮಾಡಿ ಪ್ರಕಟಿಸಿದರು. ನಾನು ಒಂದು ವರ್ಷ ದಸರಾ ರಜೆಯಲ್ಲಿ ಹೋದೆ, ಹೊಳೆ ಇನ್ನೂ ಬಂಡೆಯ ಮೇಲೆ ಹಾಯುತ್ತಿತ್ತು. ಸಂಕ್ರಾಂತಿ ಕಳೆದು ಹೋದೆ, ಬಂಡೆಯ ಮೇಲೆ ಕಂದುಬಣ್ಣದ ಒಣ ಕಡ್ಡಿಗಳು ಮಾತ್ರ. ಹೊಳೆಗೆ ನಮ್ಮ ರಜೆಯ ಪಟ್ಟಿ ಗೊತ್ತಿಲ್ಲ. ಮೇಲೆ ಅಣೆಕಟ್ಟು ಕಟ್ಟಿ ಬೇಕಾದಾಗ ನೀರು ಬಿಟ್ಟು ಬೇಡವಾದಾಗ ನಿಲ್ಲಿಸುವ ಹೊಳೆಗಳಲ್ಲಿ ಆ ಗಿಡಗಳಿಗೂ ಪಂಚಾಂಗ ತಪ್ಪುತ್ತದೆ. ನಿನ್ನ ಗೈಡ್ ಅವರ ಅಣುಮಟ್ಟದ ಪ್ರಶ್ನೆಗೂ ಇಲ್ಲಿಯೇ ಜಾಗವಿದೆಯೆಂದು ನನಗೆ ತೋರುತ್ತದೆ: ಬೇರು ಯಾವುದು, ಕಾಂಡ ಯಾವುದು, ಎಲೆ ಯಾವುದು ಎಂಬ ಗಡಿಯನ್ನೇ ಅಳಿಸಿಹಾಕಿದ ಗಿಡದಲ್ಲಿ ಆ ಅಂಗಗಳನ್ನು ರೂಪಿಸುವ ಜೀನುಗಳು ಏನು ಮಾಡುತ್ತಿವೆ? ಅವರಿಗೆ ಹೀಗೆಯೇ ಕೇಳಿ ನೋಡು. ಜಗಳವಾಡುವ ಅಗತ್ಯ ಬಾರದಿರಬಹುದು.

ನೌಕರಿಯ ಮಾತನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ನಿನಗೆ ಹೇಳುವವರು ಬೇಕಾದಷ್ಟಿದ್ದಾರೆ. 'ಜಲಸಸ್ಯ ತಜ್ಞರು ಬೇಕಾಗಿದ್ದಾರೆ' ಎಂಬ ಜಾಹೀರಾತನ್ನು ನಾನು ಇದುವರೆಗೆ ಕಂಡಿಲ್ಲ. ಸಹಾಯಕ ಪ್ರಾಧ್ಯಾಪಕಿಯ ಹುದ್ದೆ, ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ, ಕೆರೆ ಮತ್ತು ಜೌಗುನೆಲಗಳ ಮೇಲೆ ಕೆಲಸ ಮಾಡುವ ಸಂಸ್ಥೆಗಳು, ಇಷ್ಟರಲ್ಲಿ ನೀನು ದಾರಿ ಹುಡುಕಿಕೊಳ್ಳಬೇಕು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅಲ್ಲಿಯ ಹಕ್ಕಿಗಳನ್ನು ಎಣಿಸುವವರು ಬಹಳ ಜನ, ಹಕ್ಕಿ ಕುಳಿತ ಗಿಡವನ್ನು ಗುರುತಿಸುವವರು ಕಡಿಮೆ. ನೆಟ್ ಪರೀಕ್ಷೆಯನ್ನು ಪಾಸು ಮಾಡಿಕೊಂಡಿದ್ದೀಯೆ, ಒಳ್ಳೆಯದಾಯಿತು. ಮೂವತ್ತೈದರವರೆಗೆ ಕೈ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ ಎಂದು ಮೊದಲೇ ತಿಳಿದುಕೊಂಡು ಹೊರಟರೆ ಆಮೇಲೆ ಗೊಣಗಬೇಕಾಗುವುದಿಲ್ಲ.

ಇನ್ನು ಇವು ದೊಡ್ಡಮ್ಮನಾಗಿ ಹೇಳುವ ಮಾತುಗಳು. ಈಜು ಕಲಿ, ಈ ವರ್ಷವೇ ಕಲಿ. ಜಲಸಸ್ಯ ಓದುವವಳಿಗೆ ಈಜು ಬಾರದಿದ್ದರೆ ನಗುವ ಮಾತಲ್ಲ, ಅಳುವ ಮಾತು. ಕೆರೆಗೆ ಒಬ್ಬಳೇ ಇಳಿಯಬೇಡ. ಹೂಳು ತೆಗೆಸಿದ ಕೆರೆಯಲ್ಲಿ ಮೊಣಕಾಲು ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿ ಇರುತ್ತದೆ. ಎಲ್ಲಿ ಗುಂಡಿಯಿದೆಯೆಂದು ಮೀನು ಹಿಡಿಯುವವರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ, ಅವರ ಕೋಲನ್ನೇ ಕೈಯಲ್ಲಿ ಹಿಡಿದು ಇಳಿ. ಊರಿನ ಕೊಳಚೆ ಸೇರುವ ನೀರಿಗೆ ಗಾಯದ ಕಾಲು ಇಡಬೇಡ, ಇಲಿಜ್ವರ ಬರುವುದು ಹಾಗೆಯೇ. ಮಲೆನಾಡಿನ ಉಂಬಳಕ್ಕೆ ಹೆದರಬೇಡ, ಅದು ಕುಡಿದು ತಾನಾಗಿ ಬೀಳುತ್ತದೆ. ಅಭಯಾರಣ್ಯದೊಳಗಿನ ಹೊಳೆಯಾದರೆ ಅರಣ್ಯ ಇಲಾಖೆಯ ಅನುಮತಿಪತ್ರ ಕೈಯಲ್ಲಿರಲಿ. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುವಾಗ ಬೂಟು, ಬಕೆಟ್ಟು, ಬಲೆಗಳನ್ನು ತೊಳೆದು ಒಣಗಿಸು. ಸಾಲ್ವೀನಿಯಾದ ಒಂದು ತುಂಡು ಬೂಟಿಗೆ ಅಂಟಿಕೊಂಡು ಹೋದರೂ ಸಾಕು, ಕಳೆಯನ್ನು ಓದಲು ಹೋದವಳೇ ಕಳೆಯನ್ನು ಹಂಚಿದಂತಾಗುತ್ತದೆ.

ನಿಮ್ಮಮ್ಮನ ಚಿಂತೆ ಬೇರೆ, ಅದು ನಿನಗೂ ಗೊತ್ತು. ಬರುವ ಸಂಬಂಧಗಳ ಮುಂದೆ "ಹುಡುಗಿ ಕೆರೆಯಲ್ಲಿ ಕೆಲಸ ಮಾಡುತ್ತಾಳೆ" ಎಂದು ಹೇಗೆ ಹೇಳುವುದು ಎಂದು ಅವಳಿಗೆ ಸಂಕೋಚ. ಅವಳೊಂದಿಗೆ ನಾನು ಮಾತನಾಡುತ್ತೇನೆ, ನೀನು ಆ ವಿಷಯದಲ್ಲಿ ಎದುರು ಮಾತು ಆಡಬೇಡ.

ಈ ಪತ್ರದ ಜೊತೆಗೆ ಒಂದು ಪಾರ್ಸೆಲ್ ಬರುತ್ತದೆ. ಅದರಲ್ಲಿ ನನ್ನ ಹಳೆಯ ಬಿಳಿಯ ಎನಾಮಲ್ ತಟ್ಟೆ, ಎರಡು ಕುಂಚಗಳು, ಹತ್ತು ಪಟ್ಟುಗಳ ಭೂತಗನ್ನಡಿ ಮತ್ತು ಆ ತಪ್ಪು ಚೀಟಿಯ ಲಿಮ್ನೋಫಿಲಾ ಹಾಳೆ ಇವೆ. ಹಳೆಯ ಚೀಟಿಯನ್ನು ಕೀಳಬೇಡ. ಸರಿಯಾದ ಹೆಸರನ್ನು ಬೇರೆ ಚೀಟಿಯಲ್ಲಿ, ದಿನಾಂಕ ಹಾಕಿ, ಅದರ ಕೆಳಗೆ ಅಂಟಿಸು. ನಾನು ಮೂವತ್ತು ವರ್ಷದಿಂದ ಮಾಡಬೇಕೆಂದುಕೊಂಡು ಮಾಡದೆ ಉಳಿದ ಕೆಲಸವದು. ಡಿಸೆಂಬರ್ ಮೊದಲ ವಾರ ಇಲ್ಲಿಗೆ ಬಾ. ಈ ಸಲ ಮಳೆ ತಡವಾಗಿ ಬಿಟ್ಟಿದೆ, ಹೊಳೆಯ ನಡುವಿನ ದೊಡ್ಡ ಬಂಡೆಯ ನೆತ್ತಿ ಇನ್ನೂ ಕಂಡಿಲ್ಲ. ಕಂಡ ದಿನ ಫೋನ್ ಮಾಡುತ್ತೇನೆ, ಅಂದೇ ರಾತ್ರಿಯ ಬಸ್ಸು ಹತ್ತಬೇಕು. ಗಮ್‌ಬೂಟು ನಿನ್ನದೇ ತಾ, ನನ್ನದು ನಿನ್ನ ಕಾಲಿಗೆ ಹಿಡಿಯುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ